ಕೂತರೆ ಎತ್ತುವವರು ಯಾರು?

“ಗುರುಗಳೇ, ನಾನು ಮಾಡುವ ಕೆಲಸಕ್ಕೆ ಕಲ್ಪನೆ ಬೇಕೇ?” ಎಂದು ನಿರಂಜನ ಕೇಳಿದ.

ಅವನು ಸಾಫ್ಟ್‌ವೇರ್ ಎಂಜಿನಿಯರ್. ಒಂದು ಆಸ್ಪತ್ರೆಯ ರೋಗಿಗಳು ಮನೆಯಿಂದಲೇ ಸರದಿ ಹಿಡಿಯಲೆಂದು ನಿದ್ದೆಗೆಟ್ಟು ಆ್ಯಪ್ ಮಾಡಿದ್ದ. ಬಣ್ಣ, ಚಿತ್ರ, ಚಲನೆ ಎಲ್ಲವೂ ಅದರಲ್ಲಿದ್ದವು. ನೋಡಿದವರೆಲ್ಲ ಭೇಷ್ ಎಂದರು. ರೋಗಿಗಳು ಮಾತ್ರ ಎಂದಿನಂತೆ ಬೆಳಗ್ಗೆಯೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ಸಾಲು ನಿಂತರು. “ಕಲ್ಪನೆಯನ್ನು ಮನೆಯಲ್ಲಿಟ್ಟು ಬಾ, ಹೇಳಿದಷ್ಟು ಬರೆ” ಎಂದು ಮೇಲಿನವರು ಗದರಿದ್ದರು. ಹಾಗೇ ಮಾಡುವುದೋ, ಕೆಲಸವನ್ನೇ ಬಿಡುವುದೋ ಅವನಿಗೆ ತೋಚದಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಶಿಲ್ಪಿಯಿದ್ದ. ಅವನು ಗಿಳಿ ಕೆತ್ತಿದನೆಂದರೆ ಹಣ್ಣು ಮಾರುವವರು ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದರಂತೆ. ಅಂಥ ಕೈ.

ಅವನ ಊರಿನಿಂದ ಸಂತೆಗೆ ಹೋಗಲು ಒಂದು ಗುಡ್ಡ ಹತ್ತಬೇಕಿತ್ತು. ತಲೆಹೊರೆಯವರು ಏದುಸಿರು ಬಿಡುತ್ತಾ ಹತ್ತುತ್ತಿದ್ದರು. ಕೆಲವರು ದಾರಿಯಲ್ಲೇ ಕುಸಿದದ್ದೂ ಉಂಟು. ಊರಿನವರು ಶಿಲ್ಪಿಯನ್ನು ಕರೆದು, ಗುಡ್ಡದ ನಡುವೆ ಜನ ದಣಿವಾರಿಸಿಕೊಳ್ಳುವಂತೆ ಏನಾದರೂ ಮಾಡು ಎಂದರು.

ಶಿಲ್ಪಿ ಮನಸ್ಸಿಟ್ಟು ಕಲ್ಲಿನ ಜಗಲಿಯೊಂದನ್ನು ಕಟ್ಟಿದ. ಅಂಚಿಗೆಲ್ಲ ಬಳ್ಳಿ, ಬಳ್ಳಿಯ ತುಂಬ ಗಿಳಿ. ಊರೇ ಹೊಗಳಿತು. ಹೊರೆ ಹೊತ್ತವರೂ ಹೊಗಳಿದರು, ಹೊಗಳುತ್ತಲೇ ಮುಂದೆ ನಡೆದರು. ಒಬ್ಬರೂ ಕೂರಲಿಲ್ಲ.

ಇಂಥ ಚೆಲುವಿನ ಮೇಲೆ ಕೂರಲು ಜನಕ್ಕೆ ಸಂಕೋಚವಿರಬೇಕು ಎಂದುಕೊಂಡ ಶಿಲ್ಪಿ. ಹಮ್ಮಿಗೆ ನೆಪಗಳ ಬರವೇ? ಆದರೆ ಒಂದು ದಿನ ಅವನ ಕಣ್ಣೆದುರೇ ಒಬ್ಬ ಮುದುಕ ಜಗಲಿಯನ್ನು ದಾಟಿ ನಾಲ್ಕು ಹೆಜ್ಜೆ ಹೋಗಿ ಹೊರೆಯ ಸಮೇತ ಬಿದ್ದ. ಅವನನ್ನು ಎಬ್ಬಿಸಿ ನೀರು ಕುಡಿಸಿದ ಶಿಲ್ಪಿಗೆ ತನ್ನ ಗಿಳಿಗಳ ಮುಖ ನೋಡಲು ನಾಚಿಕೆಯಾಯಿತು. ಇನ್ನು ಉಳಿ ಮುಟ್ಟುವುದೇ ಬೇಡ ಎಂದು ನಿಶ್ಚಯಿಸಿದ.

ಅಷ್ಟರಲ್ಲಿ ಮಡಕೆಗಳ ಹೊರೆ ಹೊತ್ತು ಒಬ್ಬ ಹೆಂಗಸು ಒಂಟಿಯಾಗಿ ಹತ್ತಿ ಬಂದಳು. ಕುತ್ತಿಗೆಯ ನರ ಉಬ್ಬಿತ್ತು.

“ಅಕ್ಕಾ, ಒಂದು ಗಳಿಗೆ ಕೂತ್ಕೊಂಡು ಹೋಗಬಾರದಾ?” ಎಂದ ಶಿಲ್ಪಿ.

“ಕೂತ್ರೆ ಆಮೇಲೆ ಹೊರೆ ಎತ್ತೋರು ಯಾರಪ್ಪಾ?” ಎಂದು ಅವಳು ನಿಲ್ಲದೆ ನಡೆದಳು.

ಶಿಲ್ಪಿ ಅಲ್ಲೇ ಕೂತ. ನೆಲಕ್ಕಿಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಒಂಟಿಯಾಗಿ ಬಂದವರಿಗೆ ಆ ಕೈ ಎಲ್ಲಿಂದ ಬರಬೇಕು? ಅವನು ಕಣ್ಣು ಮುಚ್ಚಿ, ಅವಳ ಹೊರೆಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಗುಡ್ಡ ಹತ್ತಿದ. ಕುತ್ತಿಗೆ ನೋಯತೊಡಗಿತು. ಹೊರೆ ಕೆಳಗಿಳಿಯಬಾರದು, ಆದರೆ ತಲೆಗೆ ಬಿಡುವು ಸಿಗಬೇಕು. ಬಹಳ ಹೊತ್ತು ಹಾಗೇ ಕೂತಿದ್ದವನು ಥಟ್ಟನೆ ಎದ್ದ.

ಮರುದಿನ ನಾಲ್ಕು ಜನರ ನೆರವಿನಿಂದ ಜಗಲಿಯ ಪಕ್ಕದಲ್ಲಿ ಎರಡು ಕಲ್ಲುಗಳನ್ನು ಆಳೆತ್ತರಕ್ಕೆ ನೆಟ್ಟ. ಅವುಗಳ ಮೇಲೆ ಒಂದು ಚಪ್ಪಡಿಯನ್ನು ಅಡ್ಡಲಾಗಿ ಇಟ್ಟ. ಬಳ್ಳಿಯಿಲ್ಲ, ಗಿಳಿಯಿಲ್ಲ. ಮನೆಯೇ ಇಲ್ಲದ ಬಾಗಿಲವಾಡ ಎಂದು ಊರು ನಕ್ಕಿತು.

ಮುಂದಿನ ಸಂತೆಯ ದಿನ ಮಡಕೆಯ ಹೆಂಗಸು ಬಂದಳು. ಕಲ್ಲನ್ನು ಒಮ್ಮೆ ನೋಡಿದಳು. ತಲೆಯ ಮೇಲಿನ ಹೊರೆಯನ್ನು ಮೆಲ್ಲನೆ ಚಪ್ಪಡಿಗೆ ಜಾರಿಸಿ, ಅದರಡಿಯಿಂದ ತಲೆ ಹೊರತೆಗೆದಳು. ಕುತ್ತಿಗೆಯನ್ನು ಅತ್ತಿತ್ತ ತಿರುಗಿಸಿದಳು. ಆಮೇಲೆ ಜಗಲಿಯ ಮೇಲೆ ಕೂತು, ಗಿಳಿಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದಳು. ದಣಿವಾರಿದ ಮೇಲೆ ಎದ್ದು, ಹೊರೆಗೆ ಮತ್ತೆ ತಲೆ ಕೊಟ್ಟು, ಯಾರನ್ನೂ ಕರೆಯದೆ ಹೊರಟಳು. ದೂರದಲ್ಲಿ ನಿಂತಿದ್ದ ಶಿಲ್ಪಿಯ ಕಣ್ಣು ತುಂಬಿ ಬಂತು.

“ಅಂಥವನಿಗೆ ಕೈ ಮುಗಿಯಬೇಕು” ಎಂದು ಗುರುಗಳು ಕತೆ ಮುಗಿಸಿದರು.

ನಿರಂಜನನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಕೊನೆಗೆ ಕೆಲಸಕ್ಕೆ ಬಂದದ್ದು ಮೂರು ಬೋಳು ಕಲ್ಲು. ಅದರಲ್ಲಿ ಕಲ್ಪನೆ ಎಲ್ಲಿದೆ?” ಎಂದ.

ಗುರುಗಳು ಕೇಳಿದರು: “ಗಿಳಿಯನ್ನು ಅವನು ಮರದಲ್ಲಿ ಕಂಡಿದ್ದ, ಈ ಕಲ್ಲನ್ನು ಎಲ್ಲಿ ಕಂಡಿದ್ದ?”