ಗೊಜ್ಜಿಗೆ ಕೊನೆಯ ಚಮಚ

ಭಾರ್ಗವಿಯ ಇಂಟರ್ನ್‌ಶಿಪ್ ಅವತ್ತಿಗೆ ಮುಗಿಯುತ್ತಿತ್ತು. ಆರು ತಿಂಗಳಿಂದ ರೇಡಿಯೊ ನಿಲಯದ ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತು, ಬೆಳಿಗ್ಗೆ ಹನ್ನೊಂದಕ್ಕೆ ಅಡುಗೆ ಹೇಳಿಕೊಡುತ್ತಿದ್ದಳು. ಗಾಜಿನಲ್ಲಿ ಕಾಣುವ ತನ್ನ ಮುಖಕ್ಕೇ ಹೇಳಿಕೊಟ್ಟ ಹಾಗೆ. ಕೇಳುಗರಿಂದ ಒಂದು ಕಾಗದವಿಲ್ಲ, ಒಂದು ಫೋನಿಲ್ಲ.

"ಕೆಲಸ ಬೇಕಾ? ಕೇಳೋರು ಒಬ್ಬರಾದ್ರೂ ಇದ್ದಾರೆ ಅಂತ ತೋರಿಸು," ಅಂದರು ನಿರ್ದೇಶಕ ವಾಮನಮೂರ್ತಿ. "ಫೋನ್ ಮಾಡಿ ಅಂತ ಮೈಕಿನಲ್ಲಿ ಗೋಗರೆಯೋ ಹಾಗಿಲ್ಲ. ನಿಲಯಕ್ಕೊಂದು ಮರ್ಯಾದೆ ಇದೆ."

ಭಾರ್ಗವಿ ಗೋಗರೆಯಲಿಲ್ಲ. ಹಾಗಲಕಾಯಿ ಗೊಜ್ಜು ಶುರುಮಾಡಿದಳು. ಹುಣಸೆಹಣ್ಣು, ಬೆಲ್ಲ ಎಲ್ಲ ಆಯಿತು. "ಇನ್ನು ಕಹಿ ಹೋಗಬೇಕಂದ್ರೆ, ಒಲೆ ಆರಿಸೋ ಮೊದಲು ಒಂದು ಚಮಚ..." ಅಂದವಳೇ ಹಾಡು ಹಾಕಿಬಿಟ್ಟಳು.

ಫೋನು ಬಡಿದುಕೊಂಡಿತು. ವಾಮನಮೂರ್ತಿಗಳೇ ಎತ್ತಿದರು.

"ಒಂದು ಚಮಚ ಏನ್ರೀ? ಇಲ್ಲಿ ತಳ ಹಿಡೀತಿದೆ!"

ಇಟ್ಟರೆ ಇನ್ನೊಂದು, ಮತ್ತೊಂದು. ಒಂಬತ್ತನೆಯದು ಅವರ ಹೆಂಡತಿಯದು.

"ನೀನೂ ಇದನ್ನ ಕೇಳ್ತೀಯಾ?"

"ದಿನಾ. ಮನೇಲಿ ನನ್ನ ಹತ್ರ ಮಾತಾಡೋದು ಆ ಹುಡುಗಿ ಒಬ್ಬಳೇ ಅಲ್ವಾ?"

ವಾಮನಮೂರ್ತಿ ಫೋನ್ ಕಡಿಯದೆ ರಿಸೀವರನ್ನು ಮೇಜಿನ ಮೇಲಿಟ್ಟು, ಗಾಜಿನ ಬಾಗಿಲು ತಳ್ಳಿದರು.

"ಕೆಲಸದ ಕಾಗದ ಸಂಜೆ ಕೊಡ್ತೀನಿ. ಆ ಚಮಚ ಏನು ಅಂತ ಮೊದಲು ಹೇಳಮ್ಮ. ಅವಳು ಕಾಯ್ತಿದ್ದಾಳೆ."