ಗಾಳಿಯನ್ನು ನಂಬದ ವ್ಯಾಪಾರಿ

“ಗುರುಗಳೇ, ನಮ್ಮ ಸಂಘದ ಹಣವನ್ನು ಊರಿನಲ್ಲಿ ಕಟ್ಟಲಿರುವ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಹಾಕಲೇ, ಗುಡ್ಡದ ಮೇಲೆ ಬರಲಿರುವ ಗಾಳಿಯಂತ್ರಗಳಿಗೆ ಹಾಕಲೇ?”

ಶಿಷ್ಯನ ಕೈಯಲ್ಲಿ ಒಂದು ಪಟ್ಟಿಯಿತ್ತು. ತಾನು ಮನೆ ಕಟ್ಟಿಸಲು ಹೊಸದಾಗಿ ಕೊಂಡ ಜಾಗವನ್ನು ನೋಡಿಕೊಂಡು ನೇರವಾಗಿ ಬಂದಿದ್ದ. ಕಾಲಿಗೆ ಅಲ್ಲಿಯ ಮಣ್ಣು ಮೆತ್ತಿತ್ತು.

“ನಿನ್ನ ಪಟ್ಟಿ ಏನು ಹೇಳುತ್ತದೆ?”

“ಕಲ್ಲಿದ್ದಲಿನಲ್ಲಿ ನೂರಕ್ಕೆ ಹನ್ನೆರಡು ಲಾಭ. ಗಾಳಿಯಲ್ಲಿ ಒಂಬತ್ತು. ಮೇಲಾಗಿ ಗಾಳಿಯನ್ನು ನಂಬುವಂತಿಲ್ಲ.”

ಗುರು ಹೇಳಿದರು:

ಒಬ್ಬ ವ್ಯಾಪಾರಿ ಹಿಟ್ಟಿನ ಗಿರಣಿ ಹಾಕಲು ಹೊರಟ. ಒಬ್ಬ ಬಡಗಿ ಬಂದು, ದಿಬ್ಬದ ಮೇಲೆ ಗಾಳಿಚಕ್ರ ಕಟ್ಟಿಕೊಡುತ್ತೇನೆ, ಅದೇ ಗಿರಣಿಯನ್ನು ತಿರುಗಿಸುತ್ತದೆ ಎಂದ.

ವ್ಯಾಪಾರಿ ನಕ್ಕ. “ನಿನ್ನ ಗಾಳಿ ನಮ್ಮ ಅಳಿಯನ ಹಾಗಯ್ಯ. ಮನಸ್ಸಾದರೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ. ಅವನನ್ನು ನಂಬಿ ಅಡಿಗೆ ಮಾಡಿಸಲಾಗುತ್ತದೆಯೇ?”

ಅಲ್ಲಿದ್ದವರೆಲ್ಲ ನಕ್ಕರು. ಬಡಗಿಯೂ ನಕ್ಕು ಹೊರಟುಹೋದ.

ವ್ಯಾಪಾರಿ ಕಲ್ಲಿದ್ದಲು ಉರಿಸುವ ಉಗಿಯಂತ್ರ ತರಿಸಿದ. ಲಾಭ ಅವನು ಎಣಿಸಿದಷ್ಟೇ ಬಂತು. ಮೂರನೆಯ ವರ್ಷ ಹೊಸ ಮನೆ ಕಟ್ಟಲು ಅದೇ ಬಡಗಿಯನ್ನು ಕರೆಸಿದ. ಗಿರಣಿಯ ಪಡುವಣಕ್ಕೆ ಜಾಗ ತೋರಿಸಿದ.

“ಗಿರಣಿಗೆ ಇಷ್ಟು ಹತ್ತಿರವೇ, ಸಾಹುಕಾರರೇ? ಹೊಗೆ ಬರುವುದಿಲ್ಲವೇ?”

“ಬರುವುದಿಲ್ಲ. ಕಂಬಕ್ಕೆ ಬಟ್ಟೆ ಕಟ್ಟಿ ಎರಡು ವರ್ಷ ನೋಡಿದ್ದೇನೆ. ವರ್ಷದಲ್ಲಿ ಹತ್ತು ತಿಂಗಳು ಗಾಳಿ ಪಡುವಣದಿಂದಲೇ ಬೀಸುತ್ತದೆ. ಹೊಗೆಯೆಲ್ಲ ಮೂಡಣಕ್ಕೆ ಹೋಗುತ್ತದೆ.”

ಬಡಗಿಯ ಕೇರಿ ಗಿರಣಿಯ ಮೂಡಣಕ್ಕಿತ್ತು. ಅವನ ಮಗಳು ಎರಡು ವರ್ಷದಿಂದ ಕೆಮ್ಮುತ್ತಿದ್ದಳು. ಅವನು ಅಳತೆಯ ದಾರವನ್ನು ಸುತ್ತಿಕೊಳ್ಳುತ್ತ ಹೇಳಿದ: “ಹಾಗಾದರೆ ಅಳಿಯಂದಿರು ಹತ್ತು ತಿಂಗಳೂ ತಪ್ಪದೆ ಬರುತ್ತಾರೆ. ನಿಮ್ಮ ಹೊಗೆ ಹೊತ್ತು ನಮ್ಮ ಮನೆಗೆ ಬರುತ್ತಾರೆ, ಅಷ್ಟೆ.”

ಈ ಸಲ ಯಾರೂ ನಗಲಿಲ್ಲ. ವ್ಯಾಪಾರಿ ನೆಲ ನೋಡಿದ. ಬಡಗಿ ಮನೆಯನ್ನು ಚೆನ್ನಾಗಿಯೇ ಕಟ್ಟಿಕೊಟ್ಟ. ಆದರೆ ಬಡಗಿಯ ಕೇರಿಯ ಕಡೆಗಿದ್ದ ಮೂಡಣದ ಗೋಡೆಗೆ ಕಿಟಕಿ ಇಡುವುದು ಬೇಡವೆಂದು ವ್ಯಾಪಾರಿ ಹೇಳಿದ.

ಗುರು ಕತೆ ನಿಲ್ಲಿಸಿದರು.

“ಆ ವ್ಯಾಪಾರಿ ಯಂತ್ರ ತರಿಸುವ ಮೊದಲೇ ಬಟ್ಟೆ ಕಟ್ಟಿ ನೋಡಬೇಕಿತ್ತು” ಎಂದ ಶಿಷ್ಯ.

ಗುರು ಅವನ ಕಾಲಿನ ಮಣ್ಣನ್ನು ನೋಡಿದರು.

“ನೀನು ಕೊಂಡಿರುವ ಜಾಗ ಕಲ್ಲಿದ್ದಲಿನ ಸ್ಥಾವರದ ಯಾವ ದಿಕ್ಕಿಗಿದೆ?”