ಎದುರುಮನೆಯ ಗುರುತು

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ನಿದ್ದೆ ಬಂದವರು ಈಗಲೇ ಎದ್ದುಹೋಗಿ, ಆಮೇಲೆ "ಮೊದಲಿಂದ ಹೇಳು" ಅಂದರೆ ನಾನು ಹೇಳುವವನಲ್ಲ.

ಒಂದು ರಾಜ್ಯದಲ್ಲಿ ರತ್ನಾವತಿ ಅನ್ನೋ ದೊಡ್ಡ ಪಟ್ಟಣ ಇತ್ತು. ಅಲ್ಲಿನ ಕೆರೆ ನೋಡೋಕೆ, ಆನೆ ಲಾಯ ನೋಡೋಕೆ, ಪೇಟೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಬೀದಿಗಳೋ, ಒಂದರ ಹಾಗೆ ಇನ್ನೊಂದು. ಮನೆಗಳಿಗೆಲ್ಲ ಒಂದೇ ಸುಣ್ಣ. ಅಲ್ಲೇ ಹುಟ್ಟಿದವರೂ ಒಮ್ಮೊಮ್ಮೆ ಪಕ್ಕದ ಮನೆಗೆ ಹೋಗಿ ಊಟಕ್ಕೆ ಕೂತುಬಿಡುತ್ತಿದ್ದರಂತೆ.

ಆ ಊರಲ್ಲಿ ಮಲ್ಲೇಶಿ ಅನ್ನುವವನು ಛತ್ರ ನಡೆಸುತ್ತಿದ್ದ. ಮಾತು ಬೆಣ್ಣೆ, ಆದರೆ ಛತ್ರಗಳೇ ತುಂಬಿದ ಆ ಊರಲ್ಲಿ ಬಂದವರಿಗೆ ತನ್ನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಬಾಡಿಗೆ ಕೊಡದೆ ಓಡಿಹೋಗುವವರಿಗಾಗಿ ರಾಜ ಒಂದು ಕಟ್ಟಳೆ ಮಾಡಿದ್ದ: ದೀಪ ಹಚ್ಚೋ ಹೊತ್ತಿಗೆ ತಿರುಗಿ ಬಾರದವರ ಗಂಟು ಛತ್ರದವನಿಗೆ. ಅಷ್ಟು ಸಾಕಾಯಿತು ಮಲ್ಲೇಶಿಗೆ.

ಬೆಳಗ್ಗೆ ಊರು ನೋಡೋಕೆ ಹೊರಟವರನ್ನು ಅವನು ಅಕ್ಕರೆಯಿಂದ ಕೇಳುತ್ತಿದ್ದ, "ವಾಪಸ್ ಬರೋಕೆ ಗುರುತು ಇಟ್ಕೊಂಡಿರೇನು?"

ಒಬ್ಬ ರೈತ ಹೇಳಿದ, "ಬಾಗಿಲಲ್ಲಿ ಎಮ್ಮೆ ಕಟ್ಟೈತಲ್ಲ." ಅವನು ಮರೆಯಾದದ್ದೇ ತಡ, ಎಮ್ಮೆ ಬೇರೆ ಬೀದಿಗೆ ಹೋಯಿತು. ಒಬ್ಬಳು ಗರತಿ ಹೇಳಿದಳು, "ನೀಲಿ ಪರದೆ ಐತಲ್ಲ." ಪರದೆ ಇಳಿಯಿತು. ಒಬ್ಬ ಮುದುಕ ಹೇಳಿದ, "ಜಗುಲಿ ಮೇಲೆ ಕೆಂಪು ಗಡಿಗೆ." ಗಡಿಗೆ ಒಳಗೆ ಸೇರಿತು. ಮೂವರೂ ಸಂಜೆಯೆಲ್ಲ ಅಲೆದು, ಅತ್ತು, ಬರಿಗೈಯಲ್ಲಿ ಊರಿಗೆ ಹೋದರು. ಗಂಟುಗಳು ಮಲ್ಲೇಶಿಯ ಅಟ್ಟಕ್ಕೆ ಹೋದವು.

ಒಂದು ದಿನ ಸಾವಂತ್ರೆವ್ವ ಆ ಛತ್ರಕ್ಕೆ ಬಂದಳು. ಮಗಳ ಎರಡನೇ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು, ಮಗುವನ್ನು ತೊಟ್ಟಿಲಿಗೆ ಹಾಕೋ ಶಾಸ್ತ್ರಕ್ಕೆ ಹೊರಟಿದ್ದಳು. ಅವಳ ಗಂಟಿನಲ್ಲಿ ಇದ್ದದ್ದು ಒಂದು ಕೌದಿ. ಅವಳ ಅವ್ವನ ಸೀರೆ, ಅತ್ತೆಯ ಸೀರೆ, ತನ್ನ ಧಾರೆ ಸೀರೆ ಸೇರಿಸಿ ಹೊಲಿದದ್ದು. ಕಳೆದರೆ ಮತ್ತೆ ಹೊಲಿಯೋಣ ಅಂದರೆ ಆ ಸೀರೆಗಳೂ ಇಲ್ಲ, ಉಟ್ಟ ಹಿರಿಯರೂ ಇಲ್ಲ.

"ಇಷ್ಟು ದೂರ ಬಂದು ಕೆರೆ ನೋಡದೆ ಹೋಗ್ತೀಯೇನವ್ವ?" ಅಂದ ಮಲ್ಲೇಶಿ. "ಗಂಟು ಇಲ್ಲೇ ಇರಲಿ. ಗುರುತು ಇಟ್ಕೊಂಡಿಯಾ?"

"ಇಟ್ಕೊಂಡೀನಪ್ಪ. ನಿನ್ನ ಬಾಗಿಲ ಮೇಲೆ ಬೂದುಗುಂಬಳಕಾಯಿ ಕಟ್ಟೀಯಲ್ಲ."

ಪಾಪ, ಹೇಳಿಬಿಟ್ಟಳು. ಆದರೆ ನಮ್ಮ ಸಾವಂತ್ರೆವ್ವನಿಗೆ ಒಂದು ಚಾಳಿ. ಯಾರ ಮನೆ ಮುಂದೆ ಹಾದರೂ ಎರಡು ಮಾತಾಡದೆ ಮುಂದಕ್ಕೆ ಹೋದವಳಲ್ಲ. ಎದುರುಮನೆಯಲ್ಲಿ ಮಜ್ಜಿಗೆ ಮಾರುತ್ತಿದ್ದ ದ್ಯಾಮವ್ವನ ಹತ್ತಿರ ಕೂತಳು, ಮಜ್ಜಿಗೆ ಕುಡಿದಳು, ಹೆಸರು ಕೇಳಿದಳು, ಅವಳ ಮಂಡಿನೋವಿಗೆ ಔಷಧಿ ಹೇಳಿದಳು. ಆಮೇಲೆ ಕೆರೆಗೆ ಹೋದಳು.

ಹೊತ್ತು ಇಳಿಯಿತು. ಸಾವಂತ್ರೆವ್ವ ತಿರುಗಿ ಬಂದರೆ ಕುಂಬಳಕಾಯಿ ಇದ್ದ ಮನೆ ಛತ್ರವಲ್ಲ, ಯಾರದೋ ಮಗ್ಗದ ಮನೆ. ಮುಂದಿನ ಬೀದಿಗೆ ಹೋದಳು, ಇಲ್ಲ. ಅದರ ಮುಂದಿನದಕ್ಕೆ ಹೋದಳು, ಇಲ್ಲ. ಅವ್ವನ ಸೀರೆ ಹೋಯಿತಲ್ಲ ಅಂತ ಕಣ್ಣೀರು ಬಂತು. ಅಳುತ್ತ ನಿಂತವಳಿಗೆ ಬೆಳಗಿನ ಮಜ್ಜಿಗೆ ನೆನಪಾಯಿತು.

ಬಳೆ ಮಾರುವವನನ್ನು ಕೇಳಿದಳು, "ಮಜ್ಜಿಗೆ ದ್ಯಾಮವ್ವನ ಮನೆ ಎಲ್ಲಪ್ಪ?"

"ಬಾಯಿ ಜೋರಿನ ದ್ಯಾಮವ್ವನಾ? ಅವಳು ಯಾರಿಗೆ ಗೊತ್ತಿಲ್ಲ? ಬಾ" ಅಂತ ಅವನು ನಗುತ್ತ ಕರೆದುಕೊಂಡು ಹೋದ.

ದ್ಯಾಮವ್ವ ಅವಳ ಮುಖ ನೋಡಿದಳು, ಸುದ್ದಿ ಕೇಳಿದಳು, ಬಾಯಿ ತೆಗೆದಳು. ಆ ಬಾಯಿಗೆ ಬೀದಿಯೇ ಹೊರಗೆ ಬಂತು, ಗಸ್ತಿನ ತಳವಾರನೂ ಬಂದ. ಎಲ್ಲರೂ ಛತ್ರಕ್ಕೆ ನುಗ್ಗಿದರೆ, ಮಲ್ಲೇಶಿ ಗಂಟು ಬಿಚ್ಚುತ್ತ ಕೂತಿದ್ದಾನೆ. ದೀಪ ಇನ್ನೂ ಹಚ್ಚಿರಲಿಲ್ಲ.

"ಈಯಮ್ಮ ಯಾರೋ ನಾ ಕಾಣೆ" ಅಂದ ಮಲ್ಲೇಶಿ. "ಮನೆ ತಪ್ಪಿ ಬಂದಾಳೆ. ನನ್ನ ಬಾಗಿಲಿಗೆ ಕುಂಬಳಕಾಯಿ ಎಲ್ಲೈತಿ, ನೀವೇ ನೋಡ್ರಿ."

ಸಾವಂತ್ರೆವ್ವ ಕಣ್ಣು ಒರೆಸಿಕೊಂಡಳು. "ಕುಂಬಳಕಾಯಿ ಮಾತು ಇಲ್ಲಿ ಯಾರೂ ಎತ್ತಿಲ್ಲಪ್ಪ. ನನ್ನ ಕಾಣದೋನಿಗೆ ನನ್ನ ಗುರುತು ಹೆಂಗೆ ಗೊತ್ತಾತು?"

ತಳವಾರ ಅಟ್ಟ ಹತ್ತಿದ. ರೈತನ ಗಂಟು, ಗರತಿಯ ಗಂಟು, ಮುದುಕನ ಗಂಟು, ಎಲ್ಲ ಇಳಿದು ಬಂದವು.

ರಾಜ ಕಟ್ಟಳೆ ಬದಲಿಸಿದ. ಗಂಟುಗಳನ್ನು ಮಲ್ಲೇಶಿಯ ತಲೆ ಮೇಲೇ ಹೊರಿಸಿ ಅವರವರ ಊರಿಗೆ ಮುಟ್ಟಿಸಿದ. ಅದು ಮುಗಿದ ಮೇಲೆ ಅವನನ್ನು ಊರಬಾಗಿಲಲ್ಲಿ ನಿಲ್ಲಿಸಿದ. ದಾರಿ ತಪ್ಪಿದವರನ್ನು ಅವರವರ ಬಿಡಾರಕ್ಕೆ ಮುಟ್ಟಿಸುವುದೇ ಕೆಲಸ. ಮೊದಮೊದಲು ಗೊಣಗುತ್ತಿದ್ದ. ಬರಬರುತ್ತ ಜನ ಅವನಿಗೂ ಎರಡು ಮಾತು, ಒಂದು ಎಲೆಯಡಿಕೆ ಕೊಡತೊಡಗಿದರು, ಗೊಣಗು ನಿಂತಿತು.

ಸಾವಂತ್ರೆವ್ವ ಮರುದಿನ ಮಗಳ ಊರು ಸೇರಿದಳು. ಮಗು ಕೌದಿ ಮೇಲೆ ಮಲಗಿತು, ಮಲಗಿದ ತಕ್ಷಣ ಒದ್ದೆ ಮಾಡಿತು. "ಮಾಡ್ಲಿ ಬಿಡು, ಅದರದೇ ಅಲ್ಲೇನು" ಅಂದಳು ಅಜ್ಜಿ.

ಕೇಳಿದಿರಲ್ಲ ಮಕ್ಕಳೇ? ಪರ ಊರಿಗೆ ಹೋದರೆ ನಿಮ್ಮ ಗುರುತನ್ನು ಕೇಳಿದವರಿಗೆಲ್ಲ ಹೇಳಬೇಡಿ. ಗೋಡೆ ಬಾಗಿಲಿನ ಗುರುತನ್ನೇ ನಂಬಬೇಡಿ, ಅದನ್ನು ಯಾರಾದರೂ ಅಳಿಸಬಹುದು. ಹೋದ ಕೂಡಲೇ ಎದುರುಮನೆಯವರನ್ನು ಗುರುತು ಮಾಡಿಕೊಳ್ಳಿ. ಕಿತ್ತು ಅಡಗಿಸೋಕೆ ದ್ಯಾಮವ್ವ ಏನು ಕುಂಬಳಕಾಯಿಯೇ?